ಮೌಶಿ ಬಿಟ್ಟ ಗುಳಿಗೆ

ಮೌಶಿಯ ಬಲಗೈ ಎಡಗೈಗಿಂತ ದಪ್ಪ ಇತ್ತು. ಸಣ್ಣವಳಿದ್ದಾಗ ಎರಡೂ ಮುಂಗೈ ಮೇಲೆ ಒಂದೇ ಅಳತೆಯ ಹಚ್ಚೆ ಹಾಕಿಸಿದ್ದರಂತೆ. ಎಡಗೈ ಮೇಲಿನದು ಹಾಕಿದಷ್ಟೇ ಇತ್ತು. ಬಲಗೈ ಮೇಲಿನದು ಮಾತ್ರ ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಮೇಲೆ ಹಿಗ್ಗಿ, ಗೆರೆಗಳು ಒಂದರಿಂದೊಂದು ದೂರ ಸರಿದಿದ್ದವು. ಹುಬ್ಬಿನ ಮೇಲೆ ಸದಾ ಹಿಟ್ಟು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತ, ಅದೇ ಹೊತ್ತಿಗೆ ಪಡಸಾಲೆಯಲ್ಲಿ ಯಾರ ತಾಟು ಖಾಲಿಯಾಗಿದೆ ಎಂದು ನೋಡುತ್ತಿದ್ದಳು. ಸಾಕು ಅಂದರೆ ಆಕೆಗೆ ಕೇಳಿಸುತ್ತಿರಲಿಲ್ಲ. "ಸಾಕನ್ನೂದು ಬಾಯಿ. ಹೊಟ್ಟಿ ಏನಂತದ ಅದನ್ನ ಕೇಳು," ಅನ್ನುತ್ತ ಇನ್ನೊಂದು ಹಾಕುತ್ತಿದ್ದಳು. ಕೊಡುವ ವಿಷಯದಲ್ಲಿ ಯಾರ ಮಾತೂ ಕೇಳದ ಈ ಗುಣವೇ ಮುಂದೆ ನನ್ನನ್ನು ಹೈರಾಣ ಮಾಡಿತು, ಆಕೆಯನ್ನು ಸಾವಿನ ಬಾಗಿಲಿಗೂ ಒಯ್ದಿತು.

ಶಹಾಬಾದ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಗೂ ಆಕೆಯ ಖಾನಾವಳಿಗೂ ನಡುವೆ ಒಂದೇ ಗೋಡೆ. ನಮಗೆ ರಕ್ತಸಂಬಂಧ ಏನೂ ಇರಲಿಲ್ಲ. ಓಣಿಯ ಮಕ್ಕಳೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ. ಗಂಡ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದವನು ಬಹಳ ಹಿಂದೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಫರಸಿ ಕಲ್ಲಿನ ನೆಲದ ಮೇಲೆ ಎರಡು ಸಾಲು ಚಾಪೆ ಹಾಸಿದರೆ ಖಾನಾವಳಿ ಶುರು. ವಾಡಿಯಿಂದ ಡ್ಯೂಟಿ ಮುಗಿಸಿ ಬರುವ ರೈಲ್ವೆಯವರು, ರಾವೂರ ಕಡೆಯ ಖಣಿಯವರು, ಚಿತ್ತಾಪುರ ಸೇಡಂಗಳಿಂದ ವರ್ಗವಾಗಿ ಬಂದು ಖೋಲಿ ಹಿಡಿದಿದ್ದ ಗುಮಾಸ್ತರು ಅಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಉಣ್ಣುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಡಿ.ಫಾರ್ಮ್ ಓದಲು ಗುಲಬರ್ಗಾಕ್ಕೆ ಹೋಗುತ್ತೇನೆ ಅಂದಾಗ ಅಪ್ಪ ಒಪ್ಪಲಿಲ್ಲ. ಮುಂಜಾನೆಯ ಪ್ಯಾಸೆಂಜರಿಗೆ ಹೋಗಿ ಸಂಜೆ ಬರುವ ಹುಡುಗಿಗೆ ಬುತ್ತಿ ಕಟ್ಟುವವರು ಯಾರು, ಅವ್ವ ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆ ಅಂದ. ಅದು ನೆವ. ಒಳಗೊಳಗೆ ನನ್ನ ಮದುವೆಯ ಮಾತು ನಡೆದಿತ್ತು. ಮೌಶಿ ಹಿಟ್ಟಿನ ಕೈಯಲ್ಲೇ ನಮ್ಮ ಅಂಗಳಕ್ಕೆ ಬಂದಳು.

"ಅಣ್ಣಾ, ಬುತ್ತಿ ನನ್ನ ಮ್ಯಾಲ. ಇನ್ನ ಬ್ಯಾರೆ ನೆವಾ ಹೇಳು," ಅಂದಳು.

ಅಪ್ಪನಿಗೆ ಬೇರೆ ನೆವ ಹೊಳೆಯಲಿಲ್ಲ. ಎರಡು ವರ್ಷ, ರವಿವಾರ ಬಿಟ್ಟು ದಿನಾ ಬೆಳಿಗ್ಗೆ, ಗೋಡೆಯ ಮೇಲಿಂದ ಡಬ್ಬಿ ಇಳಿಯಿತು. ರೊಟ್ಟಿ, ಪುಂಡಿಪಲ್ಯ ಇಲ್ಲವೇ ತೊಗರಿಬೇಳೆ, ಮೂಲೆಯಲ್ಲಿ ಶೇಂಗಾ ಹಿಂಡಿ. ಆಕೆಗೆ ಜ್ವರ ಬಂದ ದಿನವೂ ಇಳಿಯಿತು. ನಾನು ಪಾಸಾಗಿ ಸ್ಟೇಷನ್ ರಸ್ತೆಯ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಾಗ ಆಕೆ ನೋಡಲು ಬಂದಳು. ಕಪಾಟುಗಳನ್ನೆಲ್ಲ ಕಣ್ಣಾಡಿಸಿ, "ಇಷ್ಟೂ ಗುಳಿಗಿ ಹೆಸರು ನಿನಗ ಬರ್ತಾವ?" ಅಂತ ಕೇಳಿದಳು. ಬರುತ್ತವೆ ಅಂದೆ. "ನನಗ ಮಾತ್ರ ಒಂದೂ ಬ್ಯಾಡ," ಅಂದು ಹೋದಳು.

ಬೇಡ ಅಂದವಳಿಗೇ ಕೆಲವು ವರ್ಷದಲ್ಲಿ ಐದು ಬಗೆಯ ಗುಳಿಗೆ ಗಂಟುಬಿದ್ದವು. ಒಂದು ಮಧ್ಯಾಹ್ನ ಊಟದ ಪಂಕ್ತಿ ನಡೆದಿರುವಾಗಲೇ ಎದೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಳು. ಊಟಕ್ಕೆ ಕೂತಿದ್ದ ರೈಲ್ವೆಯವರೇ ಎಂಜಲಗೈಯಲ್ಲಿ ಎತ್ತಿಕೊಂಡು ಜೀಪು ಹಿಡಿದು ಗುಲಬರ್ಗಾಕ್ಕೆ ಒಯ್ದರು. ಹೃದಯಾಘಾತ ಅಂದರು. ಎಂಟು ದಿನಕ್ಕೆ ಮನೆಗೆ ಬಂದಳು. ಆ ಐದು ಗುಳಿಗೆಗಳಲ್ಲಿ ಒಂದು ಸ್ಟ್ಯಾಟಿನ್, ಕೊಲೆಸ್ಟ್ರಾಲ್ ಇಳಿಸುವಂಥದ್ದು, ರಾತ್ರಿ ಊಟದ ಮೇಲೆ ಒಂದು. ಆಕೆಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಪ್ರತಿ ಸ್ಟ್ರಿಪ್ಪಿನ ಹಿಂದೆ ನಾನು ನೀಲಿ ಶಾಯಿಯಲ್ಲಿ ಸೂರ್ಯ ಇಲ್ಲವೇ ಚಂದ್ರ ಬರೆದು ಕೊಟ್ಟೆ. ತಿಂಗಳು ತಿಂಗಳು ನಾನೇ ಒಯ್ದು ಕೊಡುತ್ತಿದ್ದೆ. "ತಗೋಳ್ಲಿಕತ್ತೀಯಿಲ್ಲ?" ಅಂದರೆ "ಹ್ಞೂಂ" ಅನ್ನುತ್ತಿದ್ದಳು. ಆ ಹ್ಞೂಂ ಅನ್ನು ನಾನು ನಂಬಿದೆ.

ಒಂದು ದಿನ ಖಣಿಯ ಮುಕಾದಮ ಅಂಗಡಿಗೆ ಬಂದ. ರಾವೂರ ಹತ್ತಿರ ಕಲ್ಲು ಕಡಿಯುವವರ ಮೇಲೆ ನಿಗಾ ಇಡುವವನು, ಮೌಶಿಯ ಖಾನಾವಳಿಯ ಹಳೆಯ ಗಿರಾಕಿ. ಕಿಸೆಯಿಂದ ಎರಡೇ ಗುಳಿಗೆ ಉಳಿದಿದ್ದ ಒಂದು ಸ್ಟ್ರಿಪ್ಪಿನ ತುಂಡು ತೆಗೆದಿಟ್ಟ.

"ತಂಗಿ, ಇದೇ ಗುಳಿಗಿ ಇನ್ನೊಂದ ಹತ್ತು ಕೊಡವ್ವ. ಭಾಳ ಚೊಲೋ ಅದಾವ."

ತಿರುವಿ ನೋಡಿದೆ. ಹಿಂದೆ ನಾನೇ ಬರೆದ ಚಂದ್ರನ ಅರ್ಧ ಭಾಗ ಇತ್ತು.

"ಇದನ್ನ ನಿಮಗ ಯಾರ ಕೊಟ್ರು?"

"ಮೌಶಿ. ನನಗ ಎದ್ಯಾಗ ಹಿಡದಂಗ ಆಗ್ಲಿಕತ್ತಿತ್ತು. ಊಟ ಆದ ಮ್ಯಾಲ ಕೈಯಾಗ ಇಟ್ಲು."

"ಮತ್ತ ಯಾರಿಗ್ಯಾರ ಕೊಟ್ಟಾಳೇನು?"

ಪಾಪ, ಅವನು ನಿಜವಾಗಿ ಕೂತು ನೆನಪು ಮಾಡಿಕೊಂಡ. "ಟಪಾಲಿನಂವಗ ಕೊಟ್ಟಾಳ. ಚಾದಂಗಡ್ಯಾಕಿಗೂ ಕೊಟ್ಟಾಳ. ಮತ್ತ ಚಿಂಚೋಳಿ ಬಸ್ಸಿನ ಕಂಡಕ್ಟರ್ ಬರ್ತಾನಲ್ಲ, ಅಂವಗೂ."

ಎದೆ ಹಿಡಿಯುತ್ತದೆ ಅಂದರೆ ಸುಮ್ಮನೆ ಬಿಡುವ ಮಾತಲ್ಲ, ಮೊದಲು ಡಾಕ್ಟರಿಗೆ ತೋರಿಸಿ ಅಂತ ಅವನನ್ನು ಎದುರಿನ ದವಾಖಾನೆಗೆ ಕಳಿಸಿದೆ. ಅಂಗಡಿಯನ್ನು ಮಾಲೀಕರಿಗೆ ಬಿಟ್ಟು ನೆಟ್ಟಗೆ ಖಾನಾವಳಿಗೆ ಹೋದೆ. ಮೌಶಿ ಹಿಟ್ಟು ನಾದುತ್ತಿದ್ದಳು.

"ಮೌಶಿ, ನಿನ್ನ ಚಂದ್ರನ ಗುಳಿಗಿ ಎಲ್ಲವ?"

"ಅವ."

"ಎಲ್ಲಿ?"

"ಅವ ಅಂದ್ನೆಲ್ಲ. ಮಂದಿ ಬಲ್ಲಿ ಅವ."

"ನೀ ತಗೊಳ್ಳೂದು ಬಿಟ್ಟು ಎಷ್ಟ ದಿನಾ ಆತು?"

"ನಾಗರಪಂಚಮಿಗಿ ಬಿಟ್ಟೆ."

ಆಗ ಸಂಕ್ರಾಂತಿ ಹತ್ತಿರ ಬಂದಿತ್ತು. ಐದು ತಿಂಗಳು ನಾನು ಗುಳಿಗೆ ಒಯ್ದು ಒಯ್ದು ಕೊಟ್ಟಿದ್ದೆ, ಈಕೆ ಹ್ಞೂಂ ಹ್ಞೂಂ ಅಂದಿದ್ದಳು.

"ಯಾಕ ಬಿಟ್ಟಿ?"

"ನನ್ನ ಎದಿ ನೋವು ನಿಂತದ. ಆ ಮುಕಾದಮಗ ಸುರು ಆಗ್ಯಾದ. ಹಸದಂವಗ ಕೊಡಬೇಕೋ, ಹೊಟ್ಟಿ ತುಂಬಿದಾಕಿ ನಾನೇ ತಿನ್ನಬೇಕೋ? ನೀನೇ ಹೇಳು."

ಇದು ನೋವಿನ ಗುಳಿಗೆ ಅಲ್ಲ, ರಕ್ತನಾಳದಲ್ಲಿ ಕೊಬ್ಬು ಕಟ್ಟದಂತೆ ನೋಡಿಕೊಳ್ಳುವ ಗುಳಿಗೆ, ಅದು ಕೆಲಸ ಮಾಡುವುದು ನಿನಗೆ ಗೊತ್ತಾಗುವುದಿಲ್ಲ ಅಂದೆ. "ಗೊತ್ತಾಗದ ಕೆಲಸಕ್ಕ ಗುಳಿಗಿ ಯಾಕ?" ಅಂದಳು. ಒಮ್ಮೆ ಎದೆ ಹಿಡಿದವರಿಗೆ ಇದು ಬಿಟ್ಟರೆ ಮತ್ತೆ ಹಿಡಿಯಬಹುದು ಅಂದೆ. "ಹಿಡದಾಗ ನೋಡೂಣು," ಅಂದಳು. ಹೀಗೆ ಹತ್ತು ನಿಮಿಷ ನಡೆಯಿತು. ಹಿಟ್ಟು ನಾದುವ ಕೈ ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ. ಕಡೆಗೆ ನನ್ನ ತಾಳ್ಮೆ ಹರಿಯಿತು.

"ನಿನಗ ಹೇಳಿ ಹೇಳಿ ನಾ ಸಾಯ್ಲಿಕತ್ತೀನಿ. ಬಾಯಿ ಮುಚ್ಕೊಂಡು ಇವತ್ತೇ ಸುರು ಮಾಡು. ಇವತ್ತೇ. ಇಲ್ಲಾಂದ್ರ ನನ್ನ ಮಾತಾಡಸಬ್ಯಾಡ."

ಹೊಸ ಸ್ಟ್ರಿಪ್ಪನ್ನೂ ಕೊಡದೆ, ಡಾಕ್ಟರಿಗೆ ತೋರಿಸು ಅಂತಲೂ ಹೇಳದೆ ಹೊರಗೆ ಬಂದೆ. ಹದಿನೈದು ದಿನ ಆ ಬಾಗಿಲು ತುಳಿಯಲಿಲ್ಲ. ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೂ ಸಿಟ್ಟು ಬರುತ್ತಿತ್ತು.

ಆಮೇಲೊಂದು ದಿನ ಅಂಗಡಿಗೆ ಬಂದ ಗುಮಾಸ್ತರೊಬ್ಬರು, "ಮೌಶಿ ನಿನ್ನಿಯಿಂದ ಬರೇ ಅನ್ನಾ ಹಾಕ್ಲಿಕತ್ತಾಳ್ರಿ, ರೊಟ್ಟಿನೇ ಇಲ್ಲ," ಅಂದರು. ದೂರು ಹೇಳುವ ಧಾಟಿಯಲ್ಲಿ ಅಂದರು. ನನಗೆ ಮಾತ್ರ ಯಾಕೋ ಕೈಯಲ್ಲಿದ್ದ ಬಾಟಲಿ ಕೆಳಗಿಡಬೇಕೆನಿಸಿತು. ಆ ಗೋಡೆಯಾಚೆಯಿಂದ ಎರಡು ದಿನದಿಂದ ಸಪ್ಪಳ ಬಂದಿಲ್ಲ ಅನ್ನುವುದು ಆಗ ಹೊಳೆಯಿತು.

ಓಡಿ ಹೋದೆ. ಮೌಶಿ ಆರಿದ ಒಲೆಯ ಪಕ್ಕ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಖಾಲಿ ಕೈಯಲ್ಲಿ ಕೂತ ಮೌಶಿಯನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಈ ಸಲದ ಹಿಟ್ಟು ಸರಿ ಇಲ್ಲ. ಬಿರೀಲಿಕತ್ತದ," ಅಂದಳು.

ಹಿಟ್ಟು ಚೆನ್ನಾಗಿಯೇ ಇತ್ತು. ಕೈ ಮೇಲೆತ್ತು ಅಂದೆ. ಹೆಗಲ ಮಟ್ಟಕ್ಕೂ ಏಳಲಿಲ್ಲ. ಎದ್ದು ನಿಲ್ಲು ಅಂದರೆ ಗೋಡೆ ಹಿಡಿದು, ಹಲ್ಲು ಕಚ್ಚಿ, ಅರ್ಧಕ್ಕೆ ಮತ್ತೆ ಕೂತಳು. ರಟ್ಟೆ, ತೊಡೆ, ಸೊಂಟ ಎಲ್ಲ ಒನಕೆಯಿಂದ ಕುಟ್ಟಿದಂತೆ ಆಗಿದೆ ಅಂದಳು. ಮೂತ್ರದ ಬಣ್ಣ ಕೇಳಿದೆ. ನಾಚಿಕೊಂಡು ಆಚೆ ಮುಖ ಮಾಡಿ, "ಹಾಲ ಹಾಕದ ಚಾ ಇದ್ದಂಗ," ಅಂದಳು. ಪುಸ್ತಕದಲ್ಲಿ ಎರಡು ಸಾಲು ಓದಿ ಪರೀಕ್ಷೆಗೆ ಬರೆದಿದ್ದ ಸಂಗತಿ ಅದು. ಸ್ಟ್ಯಾಟಿನ್ ಅತಿಯಾದರೆ ಸ್ನಾಯು ಕರಗುವುದು.

"ಏನ ತಗೊಂಡಿ? ಖರೇ ಹೇಳು."

ಹೇಳಿದಳು. ನಾನು ಸಿಟ್ಟಾಗಿ ಹೋದ ಸಂಜೆಯೇ ಆಕೆ ಶುರು ಮಾಡಿದ್ದಳು. ತನ್ನವೆಲ್ಲ ಹಂಚಿ ಹೋಗಿದ್ದವು. ಹಾಗಾಗಿ ಊಟಕ್ಕೆ ಬರುತ್ತಿದ್ದ ವಾಡಿಯ ನಿವೃತ್ತ ಗಾರ್ಡ್ ಒಬ್ಬರ ಹತ್ತಿರ ಅದೇ ಬಗೆಯ ಗುಳಿಗೆ ಇಸಿದುಕೊಂಡಿದ್ದಳು. ಅವರ ಗುಳಿಗೆ ಈಕೆಯದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಅಳತೆಯದು. ಅದನ್ನೂ ದಿನಕ್ಕೆ ಎರಡು ನುಂಗಿದ್ದಳು, ತಪ್ಪಿದ ಐದು ತಿಂಗಳದ್ದು ಜಲ್ದಿ ತುಂಬಿ ಬರಲಿ ಅಂತ. ನಡುವೆ ವಾಡಿಗೆ ಯಾರದೋ ಮನೆಗೆ ಹೋದಾಗ ಕೆಮ್ಮು ಬಂದು ಅಲ್ಲಿಯ ಡಾಕ್ಟರಿಗೆ ತೋರಿಸಿದ್ದಳು. ಬೇರೆ ಏನಾದರೂ ಗುಳಿಗೆ ತಗೋತೀರಾ ಅಂತ ಅವರು ಕೇಳಿದ್ದರಂತೆ. ಇಲ್ಲ ಅಂದಿದ್ದಳು.

"ಯಾಕ ಇಲ್ಲ ಅಂದಿ?"

"ಕೆಮ್ಮಿಗೂ ಎದಿಗೂ ಏನ ಸಂಬಂಧ? ಅವರಿಗ್ಯಾಕ ನಮ್ಮ ಮನಿ ಮಾತು?" ಅಂದಳು. ಆಮೇಲೆ ತುಸು ಅನುಮಾನದಿಂದ ನನ್ನ ಮುಖ ನೋಡಿ ಕೇಳಿದಳು, "ನೀನೇ ಅಂದೆಲ್ಲ, ಇವತ್ತೇ ಸುರು ಮಾಡು ಅಂತ?"

ಆ ಮಾತಿನಲ್ಲಿ ದೂರು ಇರಲಿಲ್ಲ. ಹೇಳಿದ್ದನ್ನು ಮಾಡಿದ್ದೇನೆ, ಇನ್ನು ಯಾಕೆ ಬೈಯುತ್ತಿ ಅನ್ನುವಂತಿತ್ತು.

ಅಂಗಡಿಯ ಎದುರಿನ ದವಾಖಾನೆಯ ಡಾಕ್ಟರ್ ಸಾಹೇಬರು ವಯಸ್ಸಾದವರು, ಮಾತು ಕಡಿಮೆ. ಮನೆಯಲ್ಲಿರುವ ಗುಳಿಗೆಯನ್ನೆಲ್ಲ ತಂದು ಸುರುವು ಅಂದರು. ಉಪ್ಪಿನ ಭರಣಿಯ ಹಿಂದೆ, ದೇವರ ಗೂಡಿನಲ್ಲಿ, ದಿಂಬಿನ ಕೆಳಗೆ ಇದ್ದದ್ದನ್ನೆಲ್ಲ ಬಾಚಿ ತಂದೆ. ಅವರು ಒಂದೊಂದೇ ನೋಡಿದರು. ಕೆಮ್ಮಿಗೆ ಕೊಟ್ಟ ಗುಳಿಗೆಯನ್ನು ಗಾರ್ಡ್ ಸಾಹೇಬರ ಸ್ಟ್ಯಾಟಿನ್ ಪಕ್ಕ ಇಟ್ಟು, "ಇವೆರಡು ಕೂಡಬಾರದು. ಇದು ಅದನ್ನ ಮೈಯಿಂದ ಹೊರಗ ಹೋಗಲಿಕ್ಕಿ ಬಿಡಂಗಿಲ್ಲ," ಅಂದರು. ಹೆಚ್ಚಿನ ಅಳತೆ, ಅದರ ಎರಡು ಪಟ್ಟು, ಮೇಲೆ ಇದು. ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಮೊದಲು ಗುಲಬರ್ಗಾ ಮುಟ್ಟಿಸು ಅಂತ ಚೀಟಿ ಬರೆದರು.

ಆರು ದಿನ ಸಲಾಯನ್ ಹಚ್ಚಿದರು. ಮೊದಲ ಎರಡು ದಿನ ಡಾಕ್ಟರುಗಳು ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ನಾನು ಬೆಂಚಿನ ಮೇಲೆ ಕೂತು ಆಕೆಯ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದೆ. ಸಿಟ್ಟು ಇದ್ದರೆ ಅಂಜಿಕೆ ಕಡಿಮೆಯಾಗುತ್ತಿತ್ತು. ಆದರೆ ನನ್ನದೇ ದನಿ ಕಿವಿಯಲ್ಲಿ ಕೂತಿತ್ತು. ಮೂರನೇ ದಿನ ಮೂತ್ರದ ಬಣ್ಣ ತಿಳಿಯಾಯಿತು. ನಾಲ್ಕನೇ ದಿನ ಮೌಶಿ ಆಸ್ಪತ್ರೆಯ ರೊಟ್ಟಿ ಮುರಿದು ನೋಡಿ, "ಇದು ರೊಟ್ಟಿ ಅಲ್ಲ, ರಟ್ಟು," ಅಂದಳು. ನರ್ಸ್ ನಕ್ಕಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ಊರಿಗೆ ಬಂದ ಮೇಲೆ ಡಾಕ್ಟರ್ ಸಾಹೇಬರು ನನ್ನೊಬ್ಬಳನ್ನೇ ಒಳಗೆ ಕರೆದರು.

"ಆಕಿ ಸಾಲಿ ಕಲೀದಾಕಿ. ನೀ ಕಲ್ತಾಕಿ. ಯಾಕ ಬಿಟ್ಟಿ, ಎಷ್ಟ ದಿನ ಆತು ಅಂತ ಕೇಳ್ದಿ, ಚೊಲೋ. ಈಗ ಬ್ಯಾರೆ ಏನ ತಗೊಳ್ಲಿಕತ್ತಿ, ಮೈಕೈ ನೋವು ಅದ ಏನು, ಯಾವ ಗುಳಿಗಿ ಎಷ್ಟ ಅಳತಿದು ತಗೋತಿ, ಇವು ಯಾಕ ಕೇಳಲಿಲ್ಲ? ಇಷ್ಟ ದಿನ ಬಿಟ್ಟಾಕಿನ ನನ್ನ ಬಲ್ಲಿ ಯಾಕ ಕಳಸಲಿಲ್ಲ?"

"ಸಿಟ್ಟಿನಾಗ ಅಂದುಬಿಟ್ಟೆರಿ."

"ಸಿಟ್ಟಿಗಿ ಔಷಧ ಅಂಗಡಿ ಲೈಸೆನ್ಸ್ ಕೊಡಂಗಿಲ್ಲವ್ವ," ಅಂದರು. ಅಷ್ಟೇ ಅಂದರು.

ಮುಗಿಯಿತು ಅಂದುಕೊಂಡರೆ ಹೊಸ ತಕರಾರು ಶುರುವಾಯಿತು. ಹೃದಯದ ಸಲುವಾಗಿ ಆಕೆಗೆ ಸ್ಟ್ಯಾಟಿನ್ ಮತ್ತೆ ಬೇಕಿತ್ತು. ಮೌಶಿ ಈ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ ಅಂತ ಕೂತಳು. ಸಾಹೇಬರ ಎದುರಿಗೇ ವಾದ ಹೂಡಿದಳು.

"ಮೊದಲ ಅದು ನನ್ನ ಎದಿ ಉಳಸ್ತದ ಅಂದ್ರಿ. ಈಗ ಅದೇ ನನ್ನ ಕೈಕಾಲು ತಿಂತು ಅಂತೀರಿ. ಎರಡರಾಗ ಯಾವದು ಖರೇ?"

"ಎರಡೂ ಖರೇ," ಅಂದರು ಅವರು. "ಅದಕ್ಕೇ ಈಗ ಅವ್ಸರ ಮಾಡೂದು ಬ್ಯಾಡ."

ಎರಡು ತಿಂಗಳು ಏನೂ ಕೊಡಲಿಲ್ಲ. ಆ ನಡುವೆ ಸ್ನಾಯು, ಲಿವರ್, ಮೂತ್ರಪಿಂಡ ಎಲ್ಲದರ ರಕ್ತ ಪರೀಕ್ಷೆ ಎರಡು ಸಲ ಆಯಿತು. ನೋವು ಪೂರ್ತಿ ಹೋಗಿ, ಪರೀಕ್ಷೆಯೂ ಸರಿ ಬಂದ ಮೇಲೆ ಗುಲಬರ್ಗಾದ ಹೃದಯದ ಡಾಕ್ಟರನ್ನು ಕೇಳಿ ಬೇರೆ ಜಾತಿಯ ಸ್ಟ್ಯಾಟಿನ್, ಅದರಲ್ಲೂ ಎಲ್ಲಕ್ಕಿಂತ ಸಣ್ಣ ಅಳತೆಯದು, ದಿನಕ್ಕೊಂದು ಬರೆದರು. ಬರೆಯುತ್ತ ಮೌಶಿಗೆ ಹೇಳಿದರು.

"ಒಂದ ದಿನ ಮರತ್ರ ಮರುದಿನ ಒಂದೇ. ಎರಡು ಅಲ್ಲ. ಭಾಳ ದಿನ ತಪ್ಪಿದ್ರ ನೀನೇ ಸುರು ಮಾಡಬ್ಯಾಡ, ಬಂದು ಕೇಳು. ಕೈಕಾಲು ಹಿಡದ್ರ, ಉಚ್ಚಿ ಬಣ್ಣ ಬದಲಾದ್ರ ಅವತ್ತೇ ಬಾ. ಯಾವ ಊರಾಗ ಯಾವ ಡಾಕ್ಟರ್ ಬಲ್ಲಿ ಹೋದ್ರೂ ಮೊದಲ ಈ ಚೀಟಿ ತೋರ್ಸು."

"ಒಂದ ಹೊತ್ತಿನ ರೊಟ್ಟಿ ತಪ್ಪಿದಂವಗ ನಾ ಮುಂದಿನ ಹೊತ್ತಿಗಿ ಎರಡ ಹೆಚ್ಚಿಗಿ ಹಾಕ್ತೀನ್ರಿ," ಅಂದಳು ಮೌಶಿ.

"ಅದಕ್ಕೇ ನೀ ಖಾನಾವಳಿ ನಡಸ್ತಿ, ನಾ ದವಾಖಾನಿ ನಡಸ್ತೀನಿ."

ಹೊರಗೆ ಬಂದವಳು ನನಗೊಂದು ಷರತ್ತು ಹಾಕಿದಳು. "ನಿನಗ ನನ್ನ ಮ್ಯಾಲ ಇಶ್ವಾಸ ಇಲ್ಲ. ದಿನಾ ಸಂಜಿಕಿ ಊಟಕ್ಕ ಬಾ, ಕಣ್ಣಾರೆ ನೋಡು." ಹಾಗೆ ದಿನಾ ಅಂಗಡಿಯಿಂದ ಸೀದಾ ಖಾನಾವಳಿಗೆ ಹೋಗುವುದು ರೂಢಿಯಾಯಿತು. ಗುಳಿಗೆ ನುಂಗಿದ ಮೇಲೆ ಪಂಕ್ತಿಯ ಮುಂದೆಯೇ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಿದ್ದಳು, ಕಳ್ಳಿಯನ್ನು ತಡಕಿ ಝಡತಿ ಮಾಡುವವಳು ನಾನು ಅನ್ನುವಂತೆ. ಮೊದಲ ವಾರಗಳಲ್ಲಿ ಕೈ ನೋವು ಇದೆಯಾ ಅಂತ ದಿನಾ ಕೇಳುತ್ತಿದ್ದೆ. ಉತ್ತರ ಹೇಳುವ ಬದಲು ತುಂಬಿದ ಕೊಡ ಎತ್ತಿ ನನ್ನ ಮುಂದೆ ಕುಕ್ಕುತ್ತಿದ್ದಳು. ಆರು ವಾರದ ಮೇಲಿನ ಪರೀಕ್ಷೆ ಸರಿ ಬಂತು. ಕೊಲೆಸ್ಟ್ರಾಲೂ ಇಳಿದಿತ್ತು. ಖಾನಾವಳಿಯಲ್ಲಿ ಮತ್ತೆ ಬಿಸಿ ರೊಟ್ಟಿ ಬಿದ್ದವು.

ಆಕೆ ಸುಧಾರಿಸಿದಳು ಅಂತ ಹೇಳಲಾರೆ. ಚಿತ್ತಾಪುರಕ್ಕೆ ಮದುವೆಗೆ ಹೋಗುವಾಗ ಗುಳಿಗೆ ಮನೆಯಲ್ಲೇ ಬಿಟ್ಟಳು. ಮರುದಿನ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಬಂತು.

"ನಿನ್ನಿ ತಪ್ಪಿತು. ಇವತ್ತ ಬಂದು ಒಂದೇ ತಗೋಬೇಕಲ್ಲ?"

"ಒಂದೇ."

"ಖರೇ ಒಂದೇ?"

"ಒಂದೇ, ಮೌಶಿ."

"ಇಲ್ಲಿ ಮಂದಿ ಎರಡ ತಗೋ ಅಂತಾರ. ನಾ ಒಲ್ಲೆ ಅಂದೆ," ಅಂದು ಫೋನು ಇಟ್ಟಳು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಇತ್ತು. ರಿಸೀವರ್ ಇಟ್ಟು ಮುಂದಿನವರ ಚೀಟಿ ತಗೊಂಡೆ. ಅಷ್ಟು ವರ್ಷದಲ್ಲಿ ಆಕೆ ಮೊದಲ ಸಲ ಕೇಳಿ ಮಾಡಿದ್ದಳು.

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಊಟ ಸೇರದಾಯಿತು, ಮೈ ಇಳಿಯಿತು. ಗುಲಬರ್ಗಾದಲ್ಲಿ ನೋಡಿ ಹೊಟ್ಟೆಯಲ್ಲಿ ಕ್ಯಾನ್ಸರ್, ಹರಡಿದೆ ಅಂದರು. ಮನೆಗೆ ಕರೆದುಕೊಂಡು ಬಂದೆವು. ಸೇಡಂನಿಂದ ಬಂದ ಆಕೆಯ ತಂಗಿಯ ಮಗಳು ಖಾನಾವಳಿ ನೋಡಿಕೊಂಡಳು. ನಾನು ಆಕೆಯ ಗುಳಿಗೆಗಳ ಪಟ್ಟಿ ಹಿಡಿದು ಸಾಹೇಬರ ಹತ್ತಿರ ಹೋದೆ. ಅವರು ಪೆನ್ನು ತೆಗೆದು ಸ್ಟ್ಯಾಟಿನ್ ಮೇಲೆ ಗೆರೆ ಎಳೆದರು.

"ಇದು ಇನ್ನ ಬ್ಯಾಡ. ಇದು ಮುಂದಿನ ವರ್ಷಗಳ ಸಲುವಾಗಿ ಕೊಡೂ ಗುಳಿಗಿ," ಅಂದರು.

ಆ ಸಂಜೆ ಮಂಚದ ಹತ್ತಿರ ನೀರು, ಗುಳಿಗೆ ಹಿಡಿದು ಕೂತೆ. ಮೌಶಿ ಅಂಗೈ ಮೇಲೆ ಬೆರಳಾಡಿಸಿ ನೋಡಿದಳು.

"ಒಂದ ಕಮ್ಮಿ ಅದ."

"ಕೊಲೆಸ್ಟ್ರಾಲಿಂದು ಸಾಹೇಬರು ಬಿಡು ಅಂದಾರ."

"ಸರಿಯಾಗಿ ಕೇಳಿ ಬಂದಿಯಿಲ್ಲ? ಕೇಳದ ಬಿಡಬಾರದು ಅಂತ ಅವರೇ ಹೇಳ್ಯಾರ."

"ಕೇಳೇ ಬಂದೀನಿ, ಮೌಶಿ."

ಉಳಿದವನ್ನು ನುಂಗಿದಳು. ನೀರು ಗಂಟಲಿಗೆ ಇಳಿಯಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದಳು, "ಮತ್ತ ಯಾವಾಗ ಸುರು ಮಾಡಬೇಕಂತ?"

ಇದೇ ಪ್ರಶ್ನೆಗೆ ಅಂಗಡಿಯಲ್ಲಿ ಎಷ್ಟೋ ಜನಕ್ಕೆ ಉತ್ತರ ಹೇಳಿದ್ದೇನೆ. ಆವತ್ತು ಗೆರೆ ಎಳೆದ ಪಟ್ಟಿಯನ್ನು ಮಡಚಿ ದಿಂಬಿನ ಕೆಳಗಿಟ್ಟೆ. ಮೌಶಿ ನನ್ನ ಮುಖ ನೋಡಿದಳು.

"ಹಂಗಾದ್ರ ಸುರು ಮಾಡೂದಿಲ್ಲ," ಅಂದಳು.

"ಇಲ್ಲ," ಅಂದೆ.

"ಖರೇ ಹೇಳ್ದಿ. ಚೊಲೋ ಆತು." ನನ್ನ ಕೈ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು.

ಒಂಬತ್ತು ದಿನಕ್ಕೆ ಹೋದಳು. ಈಗಲೂ ಯಾರಾದರೂ ಹಳೆಯ ಸ್ಟ್ರಿಪ್ಪು ತಂದು, ನಡುವೆ ಬಿಟ್ಟಿದ್ದೆ, ಮತ್ತೆ ಶುರು ಮಾಡುತ್ತೇನೆ, ಕೊಡಿ ಅಂದರೆ ನಾನು ಕೂಡಿಸಿಕೊಂಡು ಎಲ್ಲ ಕೇಳುತ್ತೇನೆ. ಯಾಕೆ ಬಿಟ್ಟಿರಿ, ಎಷ್ಟು ದಿನ, ಬೇರೆ ಏನು ನಡೆದಿದೆ, ನೋವು ಇದೆಯಾ. ಕೇಳಿ ಡಾಕ್ಟರಿಗೆ ಕಳಿಸುತ್ತೇನೆ. ಒಂದು ಸ್ಟ್ರಿಪ್ಪಿಗೆ ಇಷ್ಟ್ಯಾಕ ತಕರಾರು ಅಂತ ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಇವತ್ತೇ ಸುರು ಮಾಡು ಅಂತ ಒಮ್ಮೆ ಅಂದ ಬಾಯಿ ಇದು. ಆ ಮಾತು ನಂಬಿ ಸಾಯುವಷ್ಟಾದವಳು, ಅದಕ್ಕಾಗಿ ಒಂದು ದಿನವೂ ನನ್ನನ್ನು ದೂರಲಿಲ್ಲ.